ಬೈಯುವ ಮೊದಲು ಎಣಿಸೋಣ

ನಮ್ಮ ಕಾಲೇಜಿನಲ್ಲಿ ವರ್ಷದುದ್ದಕ್ಕೂ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದು? ನನ್ನನ್ನು ಕೇಳಿದರೆ "ನೆಟ್ ಇರಲಿಲ್ಲ ಸರ್" ಎನ್ನುತ್ತೇನೆ. ಅಸೈನ್‌ಮೆಂಟ್ ಏಕೆ ಕಳುಹಿಸಲಿಲ್ಲ? ನೆಟ್ ಇರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಏಕೆ ಅರ್ಧಕ್ಕೆ ನಿಂತಿತು? ನೆಟ್ ಕೈಕೊಟ್ಟಿತು. ಇವುಗಳಲ್ಲಿ ಕೆಲವು ನೆಪ, ಕೆಲವು ನಿಜ. ಕಷ್ಟ ಏನೆಂದರೆ, ನಿಜ ಹೇಳುವವರ ಬಳಿಯೂ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ಉಪನ್ಯಾಸಕರು ಇಬ್ಬರನ್ನೂ ಒಂದೇ ದೃಷ್ಟಿಯಿಂದ ನೋಡುತ್ತಾರೆ.

ನನ್ನ ಅಭಿಪ್ರಾಯ ಸರಳ. ನೆಟ್ ಸರಿಯಿಲ್ಲ ಎನ್ನುವ ಮೊದಲು ಅದು ಎಲ್ಲಿ ಸರಿಯಿಲ್ಲ, ಎಷ್ಟು ಸರಿಯಿಲ್ಲ ಎಂದು ನಾವೇ ಎಣಿಸಬೇಕು. ಅದಕ್ಕೆ ವಿಜ್ಞಾನ ವಿಭಾಗದವರೇ ಆಗಬೇಕಿಲ್ಲ. ನಾನು ಎಚ್‌ಇಬಿಎ ಓದುತ್ತಿರುವವನು, ಕಂಪ್ಯೂಟರ್ ಸೈನ್ಸ್ ನನ್ನ ವಿಷಯವೇ ಅಲ್ಲ. ಎಣಿಸದೆ ಯಾರ ಮೇಲೂ ತಪ್ಪು ಹೊರಿಸಬಾರದು ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ. ಎಣಿಸದೆ ಬೈದು, ಆಮೇಲೆ ನಾಚಿಕೆಪಟ್ಟು ಕಲಿತೆ.

ನಮ್ಮದು ರಾಮನಗರ. ಅಬ್ಬಾ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ ಮಾಡುತ್ತಾರೆ. ಆಪಾ ಡಿಗ್ರಿ ಮುಗಿಸಿ, ಬಿ.ಎಡ್. ಫೀಸಿಗೆ ಹಣ ಕೂಡಿಸಲೆಂದು ಸಂಜೆ ಆನ್‌ಲೈನ್‌ನಲ್ಲಿ ಗಣಿತ ಟ್ಯೂಷನ್ ಹೇಳುತ್ತಾರೆ. ನಾಲ್ಕು ಮಕ್ಕಳು. ಇಬ್ಬರು ದುಬೈನಲ್ಲಿರುವ ನಮ್ಮ ಸಂಬಂಧಿಕರ ಮಕ್ಕಳು, ಇನ್ನಿಬ್ಬರು ಅವರ ಪಕ್ಕದ ಮನೆಯವರು. ನಮ್ಮಲ್ಲಿ ಸಂಜೆ 6.30 ಆದಾಗ ಅಲ್ಲಿ 5 ಗಂಟೆ. ಆ ಹೊತ್ತಿಗೆ ಆಪಾ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ.

ಈ ಸಲ ಈದ್ ಕಳೆದ ಮೇಲೆ ಆಪಾರ ಧ್ವನಿ ತುಂಡು ತುಂಡಾಗಿ ಕೇಳುತ್ತಿದೆ ಎಂದು ಮಕ್ಕಳು ಹೇಳತೊಡಗಿದರು. ಬೇರೆ ಪಾಠವಾಗಿದ್ದರೆ ಹೇಗೋ ನಡೆಯುತ್ತಿತ್ತು. ಗಣಿತದಲ್ಲಿ ಆಪಾ "ಮೈನಸ್ ಐದು" ಎಂದರೆ ಆ ಕಡೆ "ಐದು" ಎಂದಷ್ಟೇ ಕೇಳುತ್ತಿತ್ತು. ಮಗು ಇಡೀ ಲೆಕ್ಕ ತಪ್ಪು ಮಾಡುತ್ತಿತ್ತು. ಆಪಾ ಹೇಳಿದ್ದನ್ನೇ ಮೂರು ಸಲ ಹೇಳಿ ಗಂಟಲು ನೋಯಿಸಿಕೊಳ್ಳುತ್ತಿದ್ದರು. ಎರಡು ವಾರದ ನಂತರ ಒಬ್ಬ ತಾಯಿ ಮರ್ಯಾದೆಯಿಂದಲೇ ಮೆಸೇಜ್ ಹಾಕಿದರು: ಮಗನಿಗೆ ಬೇರೆ ಟೀಚರ್ ನೋಡಿದ್ದೇವೆ ಎಂದು. ನಾಲ್ವರು ಮೂವರಾದರು. ಆಪಾ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ.

ಆಗ ಮನೆಯಲ್ಲಿ ತೀರ್ಪುಗಳು ಶುರುವಾದವು. "ಇವನ ಗೇಮ್‌ನಿಂದಲೇ ಆಗಿರೋದು" ಎಂದರು ಅಬ್ಬಾ. ಅಂದಿನಿಂದ ಸಂಜೆ ನನ್ನ ಫೋನ್ ಅವರ ಕೈಗೆ. ಅವರು ಅದನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕುತ್ತಿದ್ದರು. ಅಮ್ಮಿಗೆ ಮಹಡಿ ಮೇಲಿನ ಬಾಡಿಗೆಯವರ ಮೇಲೆ ಅನುಮಾನ. ಅವರ ಹುಡುಗ ಒಮ್ಮೆ ನಮ್ಮ ವೈ-ಫೈ ಪಾಸ್‌ವರ್ಡ್ ಕೇಳಿದ್ದನಂತೆ. ನನಗೆ ಮಾತ್ರ ಅನುಮಾನವೇ ಇರಲಿಲ್ಲ: ತಪ್ಪು ಕಂಪನಿಯದು. ತಿಂಗಳು ತಿಂಗಳು ಹಣ ಕಟ್ಟಿಸಿಕೊಳ್ಳುತ್ತಾರೆ, ಕೆಲಸ ಮಾಡುವುದಿಲ್ಲ.

ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮಾತನಾಡಿದ ಹುಡುಗಿಗೆ ಆಪಾರ ವಯಸ್ಸೇ ಇರಬಹುದು. "ಸರ್, ರೌಟರ್ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ? ಎಲ್‌ಒಎಸ್ ದೀಪ ಕೆಂಪಗಿದೆಯಾ?" ಎಂದು ಕೇಳಿದರು. ದೀಪ ಕೆಂಪಗಿರಲಿಲ್ಲ. ಸ್ಪೀಡ್ ಟೆಸ್ಟ್ ಮಾಡಿಸಿದರು, ನಾವು ಹಣ ಕಟ್ಟಿದಷ್ಟು ವೇಗ ಬಂತು. "ಲೈನ್ ಸರಿಯಿದೆ ಸರ್" ಎಂದರು. ನಾನು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ಪತ್ರಿಕೆಯಲ್ಲಿ ಬರೆಯುವಂಥವಲ್ಲ. ಅವರು ಕೊನೆಯವರೆಗೂ "ಸರಿ ಸರ್" ಎನ್ನುತ್ತಲೇ ಇದ್ದರು.

ಮರುದಿನ ನನ್ನ ಪ್ರತಾಪವನ್ನು ಗೆಳೆಯರಿಗೆ ವರ್ಣಿಸುತ್ತಿದ್ದಾಗ ನಮ್ಮ ಕಂಪ್ಯೂಟರ್ ಲ್ಯಾಬ್‌ನ ಸರ್ ಕೇಳಿಸಿಕೊಂಡರು. "ಎಷ್ಟು ಪ್ಯಾಕೆಟ್ ಹೋಗ್ತಿದೆ?" ಎಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕೂರಿಸಿಕೊಂಡು ಹೇಳಿಕೊಟ್ಟರು. ಆ ಹತ್ತು ನಿಮಿಷದಲ್ಲಿ ಕೇಳಿದ್ದನ್ನು ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುತ್ತೇನೆ.

ಇಂಟರ್‌ನೆಟ್‌ನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಫೋಟೋ, ಧ್ವನಿ, ವೀಡಿಯೊ ಎಲ್ಲವೂ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೋಗುತ್ತವೆ. ಇವೇ ಪ್ಯಾಕೆಟ್‌ಗಳು. ಒಂದರಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ ಹಿಡಿಸುತ್ತದೆ. ವೆಬ್ ಪುಟ ತೆರೆದಾಗಲೋ ಫೈಲ್ ಇಳಿಸಿಕೊಂಡಾಗಲೋ ಪ್ರತಿ ಪೊಟ್ಟಣಕ್ಕೂ ರಸೀದಿ ಇರುತ್ತದೆ. ರಸೀದಿ ಬರದಿದ್ದರೆ ಕಳುಹಿಸಿದವರು ಮತ್ತೆ ಕಳುಹಿಸುತ್ತಾರೆ. ನಮಗೆ ಸ್ವಲ್ಪ ನಿಧಾನವಾದಂತೆ ಅನಿಸುತ್ತದೆ, ಅಷ್ಟೇ. ಯೂಟ್ಯೂಬ್ ವೀಡಿಯೊ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳುವುದರಿಂದ ಅಲ್ಲಿ ಅದೂ ಗೊತ್ತಾಗುವುದಿಲ್ಲ. ನೇರ ಮಾತುಕತೆಯ ಕಥೆ ಬೇರೆ. ಒಂದು ಧ್ವನಿ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡ್‌ನಷ್ಟು ಮಾತು ಇರುತ್ತದೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ. ಅದು ಕಳೆದುಹೋದರೆ ಮತ್ತೆ ತರಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಸಾಲಾಗಿ ಹತ್ತಿಪ್ಪತ್ತು ಕಳೆದುಹೋದರೆ ಒಂದು ಪದವೇ ಹೋಯಿತು. ಆಪಾರ "ಮೈನಸ್" ಹೋಗುತ್ತಿದ್ದುದು ಹೀಗೆ.

ಹಾಗಾದರೆ ಸ್ಪೀಡ್ ಟೆಸ್ಟ್ ಏಕೆ ಸರಿ ಬಂತು? ಪ್ರಥಮ ಪಿಯುಸಿಯಲ್ಲಿ ಓದಿದ ಟ್ರಯಲ್ ಬ್ಯಾಲೆನ್ಸ್ ನೆನಪಿಸಿಕೊಳ್ಳಿ. ಡೆಬಿಟ್, ಕ್ರೆಡಿಟ್ ಎರಡೂ ಕಡೆಯ ಮೊತ್ತ ಸರಿ ಬಂದರೆ ಪುಸ್ತಕದಲ್ಲಿ ತಪ್ಪೇ ಇಲ್ಲ ಎಂದರ್ಥವಲ್ಲ. ಒಂದು ವ್ಯವಹಾರವನ್ನು ಬರೆಯುವುದೇ ಮರೆತಿದ್ದರೂ ಟ್ರಯಲ್ ಬ್ಯಾಲೆನ್ಸ್ ಸರಿ ಹೊಂದುತ್ತದೆ. ಸ್ಪೀಡ್ ಟೆಸ್ಟ್ ಸಹ ಹಾಗೆಯೇ. ಒಟ್ಟು ಎಷ್ಟು ಸರಕು ಬಂತು ಎಂದು ಅದು ಮುಖ್ಯವಾಗಿ ಹೇಳುತ್ತದೆ. ದಾರಿಯಲ್ಲಿ ಎಷ್ಟು ಪೊಟ್ಟಣ ಬಿದ್ದುಹೋಗಿ ಮತ್ತೆ ಕಳುಹಿಸಬೇಕಾಯಿತು ಎಂಬುದು ಆ ದೊಡ್ಡ ಅಂಕಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಆ ಪರೀಕ್ಷೆಯ ಹೆಸರು ಪಿಂಗ್. ಅಮೆರಿಕದ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬುವರು 1983ರ ಡಿಸೆಂಬರ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇದು. ಸಮುದ್ರದೊಳಗೆ ಶಬ್ದ ಕಳುಹಿಸಿ ಅದರ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಸದ್ದಿನಿಂದ ಈ ಹೆಸರು ಬಂತು. ಕೆಲಸವೂ ಅದೇ: ಒಂದು ವಿಳಾಸಕ್ಕೆ "ಇದ್ದೀಯಾ?" ಎಂದು ಕೇಳುತ್ತದೆ, "ಇದ್ದೇನೆ" ಎಂಬ ಉತ್ತರಕ್ಕೆ ಕಾಯುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಟೈಪ್ ಮಾಡಿ ತೆರೆಯುವ ಕಪ್ಪು ಪರದೆಯಲ್ಲಿ ಪಿಂಗ್ ಎಂದು ಬರೆದು ವಿಳಾಸ ಕೊಟ್ಟರೆ ಸಾಕು. ಸುಮ್ಮನೆ ಬಿಟ್ಟರೆ 4 ಸಲ ಕೇಳಿ ನಿಲ್ಲುತ್ತದೆ. ಮುಂದೆ ಮೈನಸ್ ಗುರುತು ಮತ್ತು ಎನ್ ಅಕ್ಷರ ಹಾಕಿ, ಜಾಗ ಬಿಟ್ಟು 100 ಎಂದು ಸೇರಿಸಿದರೆ 100 ಸಲ ಕೇಳುತ್ತದೆ. ಎರಡು ಮೂರು ನಿಮಿಷದ ಕೆಲಸ. ಕೊನೆಗೆ ಎಷ್ಟು ಕಳುಹಿಸಿದೆ, ಎಷ್ಟು ಬಂತು, ಎಷ್ಟು ಕಳೆದುಹೋಯಿತು ಎಂದು ಅದೇ ಲೆಕ್ಕ ಕೊಡುತ್ತದೆ.

"ಎರಡು ಕಡೆ ಪಿಂಗ್ ಮಾಡು" ಎಂದರು ಸರ್. ಮೊದಲು ನಮ್ಮದೇ ರೌಟರ್‌ಗೆ. ಅನೇಕ ಮನೆಗಳಲ್ಲಿ ಅದರ ವಿಳಾಸ 192.168.1.1 ಇರುತ್ತದೆ. ಆಮೇಲೆ ಹೊರಗಿನ ಒಂದು ವಿಳಾಸಕ್ಕೆ, ಉದಾಹರಣೆಗೆ ಗೂಗಲ್‌ನ 8.8.8.8. ಮೊದಲನೆಯದರಲ್ಲಿ ನಷ್ಟವಾದರೆ ತೊಂದರೆ ನಮಗೂ ರೌಟರ್‌ಗೂ ನಡುವೆ ಇದೆ. ಮೊದಲನೆಯದು ಸರಿ ಇದ್ದು ಎರಡನೆಯದರಲ್ಲಿ ನಷ್ಟವಾದರೆ ತೊಂದರೆ ರೌಟರ್‌ನಿಂದ ಆಚೆಗೆ. ಇದು ನನಗೆ ಥಟ್ಟನೆ ಅರ್ಥವಾಯಿತು, ಏಕೆಂದರೆ ಇದು ನಮ್ಮ ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟೇ. ಕ್ಯಾಷ್ ಬುಕ್ ಒಂದು ಮೊತ್ತ ಹೇಳುತ್ತದೆ, ಪಾಸ್ ಬುಕ್ ಇನ್ನೊಂದು. ವ್ಯತ್ಯಾಸ ಕಂಡ ಕೂಡಲೇ ಬ್ಯಾಂಕಿಗೆ ಹೋಗಿ ಜಗಳ ಮಾಡುವುದಿಲ್ಲ. ಒಂದೊಂದೇ ಬಾಬ್ತು ಗುರುತು ಹಾಕುತ್ತಾ, ಎಲ್ಲಿಂದ ವ್ಯತ್ಯಾಸ ಬಂತು ಎಂದು ಹುಡುಕುತ್ತೇವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಪಡೆದಿದ್ದ ನಾನು ಮನೆಯಲ್ಲಿ ಅದನ್ನು ಮಾಡಿರಲಿಲ್ಲ.

ಆ ಸಂಜೆ ಹಳೆಯ ನೋಟ್‌ಬುಕ್‌ನಲ್ಲಿ ಗೆರೆ ಎಳೆದೆ. ಆಪಾರ ಕೋಣೆಯಿಂದ ವೈ-ಫೈನಲ್ಲಿ ಹೊರಗಿನ ವಿಳಾಸಕ್ಕೆ: 100ರಲ್ಲಿ 10 ನಷ್ಟ. ಅದೇ ಕೋಣೆಯಿಂದ ನಮ್ಮ ರೌಟರ್‌ಗೆ: 100ರಲ್ಲಿ 3 ನಷ್ಟ. ರೌಟರ್ ಜೊತೆ ಬಂದಿದ್ದ ಲ್ಯಾನ್ ಕೇಬಲ್ ಹುಡುಕಿ ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ ನೋಡಿದೆ. ರೌಟರ್‌ಗೆ ಸೊನ್ನೆ ನಷ್ಟ, ಹೊರಗೆ 7. ಮೂರು ಮತ್ತು ಏಳು ಸೇರಿ ಹತ್ತು. ಲೆಕ್ಕ ಯಾವಾಗಲೂ ಇಷ್ಟು ಸರಿಯಾಗಿ ಕೂಡುವುದಿಲ್ಲ, ಎರಡನೇ ದಿನ ನನಗೂ ಕೂಡಲಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಯಿತು. ಸೋರಿಕೆ ಒಂದಲ್ಲ, ಎರಡು. ಒಂದನ್ನು ಸರಿಮಾಡಿ "ಆಯಿತು" ಎಂದುಕೊಂಡಿದ್ದರೆ ಆಪಾರ ಮಾತು ತುಂಡಾಗುವುದು ನಿಲ್ಲುತ್ತಿರಲಿಲ್ಲ.

ಮೊದಲ ಸೋರಿಕೆ ವೈ-ಫೈನದು. ರೌಟರ್ ಫ್ರಿಜ್ ಮೇಲೆ, ಅಕ್ಕಿಯ ತಗಡಿನ ಡಬ್ಬಿಯ ಹಿಂದೆ ಕುಳಿತಿತ್ತು. ಲೋಹ ರೇಡಿಯೊ ಅಲೆಯನ್ನು ತಡೆಯುತ್ತದೆ. ಜೊತೆಗೆ 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಬ್ಲೂಟೂತ್, ಮೈಕ್ರೋವೇವ್ ಒಲೆ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ಫೋನ್‌ನಲ್ಲಿ ನೋಡಿದರೆ ನಮ್ಮದೂ ಅಕ್ಕಪಕ್ಕದ ಮೂರು ಮನೆಯದೂ 6ರಲ್ಲೇ ಇತ್ತು. ರೌಟರನ್ನು ಗೋಡೆಯ ಶೆಲ್ಫ್‌ಗೆ ಏರಿಸಿ, ಚಾನೆಲ್ 11ಕ್ಕೆ ಬದಲಿಸಿದೆ. ಆಪಾರ ಕೋಣೆಯಿಂದ ರೌಟರ್‌ಗೆ ನಷ್ಟ ಸೊನ್ನೆಗೆ ಬಂತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಎರಡನೇ ಸೋರಿಕೆಯನ್ನು ಮೂರು ದಿನ ಬರೆದಿಟ್ಟೆ. ನಾನು ಕಾಲೇಜಿನಲ್ಲಿದ್ದಾಗ ಬೆಳಿಗ್ಗೆ 10ಕ್ಕೆ ಆಪಾ ಪಿಂಗ್ ಮಾಡಿ ಬರೆದರು. ಸಂಜೆ 4ಕ್ಕೆ, 7ಕ್ಕೆ, ರಾತ್ರಿ 10ಕ್ಕೆ ನಾನು ಬರೆದೆ. ಎಲ್ಲಾ ಹೊತ್ತಿನಲ್ಲೂ 5ರಿಂದ 8ರವರೆಗೆ ನಷ್ಟ. ಅಂದರೆ "ಸಂಜೆ ಮಾತ್ರ ನೆಟ್ ಕೆಡುತ್ತದೆ" ಎಂದು ನಾವೆಲ್ಲರೂ ನಂಬಿದ್ದೇ ಸುಳ್ಳು. ದಿನವಿಡೀ ಕೆಟ್ಟಿತ್ತು. ಸಂಜೆ ಆಪಾರ ಪಾಠ ಇದ್ದುದರಿಂದ ಆಗ ಗೊತ್ತಾಗುತ್ತಿತ್ತು, ಅಷ್ಟೇ. ಬೆಳಿಗ್ಗೆ 10ಕ್ಕೆ ನಾನು ಅಕೌಂಟೆನ್ಸಿ ತರಗತಿಯಲ್ಲಿದ್ದೆ, ನನ್ನ ಗೇಮ್ ನಡೆಯುತ್ತಿರಲಿಲ್ಲ. ಅಬ್ಬಾಗೆ ನೋಟ್‌ಬುಕ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ, ಏನೂ ಮಾತಾಡದೆ ಎದ್ದು ಬೀರು ತೆರೆದು ಫೋನ್ ಕೊಟ್ಟರು. ರೌಟರ್‌ನ ಪುಟದಲ್ಲಿ ಯಾವ ಯಾವ ಸಾಧನ ಸೇರಿಕೊಂಡಿದೆ ಎಂಬ ಪಟ್ಟಿ ಇರುತ್ತದೆ. ಐದು ಇದ್ದವು, ಐದೂ ನಮ್ಮವೇ. ಮಹಡಿ ಮೇಲಿನ ಹುಡುಗನೂ ನಿರ್ದೋಷಿ ಎಂದಾಯಿತು.

ಇಲ್ಲಿ ಒಂದು ಮಾತು. ಎಲ್ಲಾ ಪ್ಯಾಕೆಟ್ ನಷ್ಟವೂ ಏನೋ ಕೆಟ್ಟುಹೋದದ್ದರ ಗುರುತಲ್ಲ. ರೌಟರ್‌ಗೆ ಒಮ್ಮೆಲೇ ತಾಳಲಾರದಷ್ಟು ಪ್ಯಾಕೆಟ್ ಬಂದರೆ ಹೆಚ್ಚಿನವನ್ನು ಅದೇ ಬಿಸಾಡುತ್ತದೆ. ಕಳುಹಿಸುವವರು ಅದನ್ನು ಕಂಡು ನಿಧಾನಿಸಬೇಕು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಎಲ್ಲರೂ ನಿಧಾನಿಸದೆ ಮತ್ತೆ ಮತ್ತೆ ಕಳುಹಿಸಿದ್ದರಿಂದ, ಕೇವಲ 400 ಗಜ ದೂರವಿದ್ದ ಬರ್ಕ್ಲಿಯ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಅದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ ರೂಪಿಸಿದ ಉಪಾಯದಿಂದಲೇ ನಷ್ಟ ಕಂಡಾಗ ತಾನಾಗಿ ನಿಧಾನಿಸುವ ಪದ್ಧತಿ ಹರಡಿತು. ಆದ್ದರಿಂದ ಪಿಂಗ್ ಮಾಡುವಾಗ ಮನೆಯ ಬೇರೆ ಫೋನ್, ಟಿವಿಗಳ ನೆಟ್ ಆಫ್ ಮಾಡಿರಬೇಕು. ಇಲ್ಲವಾದರೆ ಕೆಟ್ಟುಹೋದದ್ದು ಯಾವುದು, ನೂಕುನುಗ್ಗಲು ಯಾವುದು ಎಂದು ತಿಳಿಯುವುದಿಲ್ಲ. ನಾನು ಎಲ್ಲವನ್ನೂ ಆಫ್ ಮಾಡಿಯೇ ಎಣಿಸಿದ್ದೆ. ನಷ್ಟ ಹಾಗೆಯೇ ಇತ್ತು.

ಹಾಗಾಗಿ ನನಗೆ ಧೈರ್ಯ ಬಂತು. ರೌಟರ್‌ವರೆಗೆ ಸೊನ್ನೆ, ಆಚೆಗೆ 7. ತಪ್ಪು ಕಂಪನಿಯದೇ! ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ಮಾಡಿ, ಸೇವೆ ಕೊಡುವವರ ಜಾಲದಲ್ಲಿ ಪ್ಯಾಕೆಟ್ ನಷ್ಟ ಶೇ. 1ಕ್ಕಿಂತ ಕಡಿಮೆ ಇರಬೇಕು ಎಂದಿತ್ತು. ಅದನ್ನೂ ಓದಿಕೊಂಡು ಮತ್ತೆ ಫೋನ್ ಮಾಡಿದೆ. ಈ ಸಲ ಬೈಯಲಿಲ್ಲ. ಅಂಕಿ ಓದಿದೆ. ಯಾವ ದಿನ, ಯಾವ ಹೊತ್ತು, ಕೇಬಲ್ ಹಾಕಿ ಎಷ್ಟು, ವೈ-ಫೈನಲ್ಲಿ ಎಷ್ಟು. ಆ ಕಡೆಯವರು ನಡುವೆ ಒಂದೂ ಪ್ರಶ್ನೆ ಕೇಳದೆ ಬರೆದುಕೊಂಡು ದೂರಿನ ಸಂಖ್ಯೆ ಕೊಟ್ಟರು. ಮರುದಿನವೇ ಟೆಕ್ನಿಷಿಯನ್ ಬಂದರು. ಹಿಂದಿನ ಮೂರು ದೂರಿಗೆ ಯಾರೂ ಬಂದಿರಲಿಲ್ಲ.

ಟೆಕ್ನಿಷಿಯನ್ ಅಣ್ಣನ ಕೈಯಲ್ಲಿ ಬೆಳಕು ಅಳೆಯುವ ಪುಟ್ಟ ಮೀಟರ್ ಇತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಹೋಗುವುದು ಬೆಳಕು. ನಮ್ಮ ಬಾಗಿಲ ಹೊರಗಿನ ಡಬ್ಬಿಯಲ್ಲಿ ಅಳೆದರು: ಮೈನಸ್ 19. ಒಳಗೆ ರೌಟರ್ ಹತ್ತಿರ ಅಳೆದರು: ಮೈನಸ್ 28. ಈ ಲೆಕ್ಕದಲ್ಲಿ 3 ಕಡಿಮೆಯಾದರೆ ಬೆಳಕು ಅರ್ಧವಾದಂತೆ. 9 ಕಡಿಮೆ ಎಂದರೆ ಅರ್ಧದ ಅರ್ಧದ ಅರ್ಧ, ಎಂಟರಲ್ಲಿ ಒಂದು ಪಾಲು. ಮೈನಸ್ 27ರ ಆಸುಪಾಸಿನಲ್ಲಿ ಮನೆಯ ಸಾಧನ ತಡವರಿಸತೊಡಗುತ್ತದೆ ಎಂದರು ಅವರು. ಪೂರ್ತಿ ಕತ್ತಲಾದರೆ ಕೆಂಪು ದೀಪ ಬರುತ್ತದೆ. ನಮ್ಮದು ಕತ್ತಲೂ ಅಲ್ಲ, ಬೆಳಕೂ ಅಲ್ಲ ಎಂಬ ಸ್ಥಿತಿ.

"ತಮ್ಮಾ, ಬಾಗಿಲ ತನಕ ಚೆನ್ನಾಗೇ ಬರ್ತಿದೆ. ನಿಮ್ಮನೆ ಒಳಗೆ ಎಲ್ಲೋ ಸಾಯ್ತಿದೆ" ಎಂದು ಅವರು ಗೋಡೆಯುದ್ದಕ್ಕೂ ಕೇಬಲ್ ಹಿಡಿದು ನಡೆದರು. ಅಬ್ಬಾರ ಕೋಣೆಯಲ್ಲಿ ನಿಂತು, "ಸಾಬ್ರೆ, ಈ ಬೀರು ಸ್ವಲ್ಪ ಸರಿಸ್ಬೋದಾ?" ಎಂದರು.

ಬೀರುವಿನ ಹಿಂಗಾಲು ಫೈಬರನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಗಾಜಿನ ಎಳೆ ಹೆಚ್ಚು ಬಾಗಿದರೆ ಬೆಳಕು ಬಾಗಿದಲ್ಲೇ ಹೊರಗೆ ಸೋರುತ್ತದೆ. ಈದ್‌ಗೆ ಮೊದಲು ಮನೆಗೆ ಬಣ್ಣ ಬಳಿಸಿದ್ದೆವು. ಬಣ್ಣ ಒಣಗಿದ ಮೇಲೆ ಬೀರುವನ್ನು ಗೋಡೆಗೆ ತಳ್ಳಿ ನಿಲ್ಲಿಸಿದವನು ನಾನು. ಅದೇ ಬೀರುವಿನೊಳಗೆ ಅಬ್ಬಾ ನನ್ನ ಫೋನ್ ಇಡುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಟೆಕ್ನಿಷಿಯನ್ ಅಣ್ಣ ಮಾತ್ರ ನೋಡಲಿಲ್ಲ. ಮಡಿಕೆ ಬಿದ್ದ ಭಾಗ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಮತ್ತೆ ಅಳೆದರು. ಮೈನಸ್ 20. ನಾನು ಪಿಂಗ್ ಮಾಡಿದೆ. 100 ಕಳುಹಿಸಿದ್ದಕ್ಕೆ 100 ಬಂತು.

ಇದರಲ್ಲಿ ನನಗೆ ಹೆಚ್ಚು ನಾಚಿಕೆಯಾದದ್ದು ಬೀರು ತಳ್ಳಿದ್ದಕ್ಕಲ್ಲ. ಅದು ಗೊತ್ತಿಲ್ಲದೆ ಆದದ್ದು. ಎಣಿಸಿದ ಮೇಲೂ ನಾನು ಅವಸರಪಟ್ಟೆನಲ್ಲ, ಅದಕ್ಕೆ. ನನ್ನ ಅಂಕಿ ಹೇಳಿದ್ದು "ರೌಟರ್‌ನ ಆಚೆ" ಎಂದು. ಅದನ್ನು "ಕಂಪನಿಯದು" ಎಂದು ಓದಿದ್ದು ನನ್ನ ಸಿಟ್ಟು. ರೌಟರ್‌ಗೂ ಬಾಗಿಲಿಗೂ ನಡುವೆ ನಮ್ಮದೇ ಮನೆಯ ಕೆಲವು ಮೀಟರ್ ಕೇಬಲ್ ಇತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ಲೆಕ್ಕ ಸರಿ ಇತ್ತು, ತೀರ್ಮಾನ ತಪ್ಪಾಗಿತ್ತು. ವ್ಯತ್ಯಾಸದ ಕಾರಣ ಸಿಗದಾಗ ನಾವು ಸಸ್ಪೆನ್ಸ್ ಅಕೌಂಟ್‌ನಲ್ಲಿ ಇಡುತ್ತೇವೆ. ಕಾರಣ ಸಿಗುವವರೆಗೆ ಅದು ಯಾರ ಖಾತೆಗೂ ಹೋಗಬಾರದು. ನಾನು ಅದನ್ನು ಮೊದಲ ದಿನವೇ ಒಬ್ಬರ ಖಾತೆಗೆ ಬರೆದುಬಿಟ್ಟಿದ್ದೆ.

ಅಬ್ಬಾ ಆ ರಾತ್ರಿ ಒಂದು ಮಾತು ಹೇಳಿದರು. ನೂಲು ಪದೇ ಪದೇ ತುಂಡಾದರೆ ಅವರು ಮೊದಲು ನೀರಿನ ಬಿಸಿ ನೋಡುತ್ತಾರೆ. ಆಮೇಲೆ ಗೂಡು ಸರಿಯಾಗಿ ಬೆಂದಿದೆಯೇ ಎಂದು, ಆಮೇಲೆ ನೂಲು ಹಾದುಹೋಗುವ ದಾರಿ. ಗೂಡು ಮಾರಿದ ರೈತನ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. "ನಾನು ಕೆಲಸದಲ್ಲಿ ಹಾಗೆ ಮಾಡ್ತೀನಿ, ಮನೆಯಲ್ಲಿ ಮಾತ್ರ ನೇರ ನಿನ್ನ ಫೋನ್ ಕಿತ್ಕೊಂಡೆ" ಎಂದು ನಕ್ಕರು.

ಕೆಲವರು ಕೇಳಬಹುದು: ಹಣ ಕೊಡುವವರು ನಾವು, ಇಂಜಿನಿಯರ್ ಮಾಡಬೇಕಾದ ಕೆಲಸ ನಾವೇಕೆ ಮಾಡಬೇಕು? ಪ್ರಶ್ನೆ ನ್ಯಾಯವಾದದ್ದೇ. ದೂರು ಬಂದರೆ ನೋಡುವುದು ಕಂಪನಿಯ ಕರ್ತವ್ಯ. ಪ್ರತಿ ದೂರಿಗೂ ಸಂಖ್ಯೆ ಕೊಡಬೇಕು, ಪರಿಹಾರ ಸಿಗದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಗ್ರಾಹಕರಿಗೆ ದಾರಿ ಇರಬೇಕು ಎಂಬ ಟ್ರಾಯ್ ನಿಯಮ 2012ರಿಂದ ಇದೆ. ನಾವು ಎಣಿಸಿದ್ದರಿಂದ ಅವರ ಹೊಣೆ ಕಡಿಮೆಯಾಗುವುದಿಲ್ಲ. ಬದಲಿಗೆ ಎಣಿಸಿದವರ ಮಾತಿಗೆ ತೂಕ ಬರುತ್ತದೆ. ನನ್ನ ಮೂರು ಸಲದ ಬೈಗುಳಕ್ಕೆ ಯಾರೂ ಬರಲಿಲ್ಲ, ಒಂದು ಪುಟ ಅಂಕಿಗೆ ಬಂದರು. ನಾಳೆ ನಿಮ್ಮ ಮನೆಯಲ್ಲಿ ತಪ್ಪು ನಿಜವಾಗಿಯೂ ಕಂಪನಿಯದೇ ಆಗಿದ್ದರೆ, ಅದೇ ಪುಟ ನಿಮ್ಮ ಪರವಾಗಿ ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ದಾರಿಯುದ್ದಕ್ಕೂ ಯಾವ ಯಾವ ರೌಟರ್ ಸಿಗುತ್ತದೆ ಎಂದು ತೋರಿಸುವ ಪರೀಕ್ಷೆಯೂ ಇದೆ. ಅದರಲ್ಲಿ ನಡುವೆ ಎಲ್ಲೋ ನಕ್ಷತ್ರದ ಗುರುತು ಬಂದರೆ "ಸಿಕ್ಕಿಬಿದ್ದರು" ಎಂದು ಕುಣಿಯಬೇಡಿ. ಕೆಲವು ರೌಟರ್‌ಗಳು ಇಂಥ ಪ್ರಶ್ನೆಗೆ ಉತ್ತರವನ್ನೇ ಕೊಡುವುದಿಲ್ಲ, ಆದರೆ ಪ್ಯಾಕೆಟ್ಟನ್ನು ಸರಿಯಾಗಿ ಮುಂದಕ್ಕೆ ಕಳುಹಿಸುತ್ತವೆ. ಉತ್ತರ ಕೊಡದವರೆಲ್ಲರೂ ತಪ್ಪಿತಸ್ಥರಲ್ಲ.

ಈಗ ನಮ್ಮ ಕಾಲೇಜಿಗೆ ಎರಡು ವಿನಂತಿ. ಒಂದು, ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದ ಕಲಾ ಮತ್ತು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೂ ವರ್ಷದಲ್ಲಿ ಒಂದೇ ಒಂದು ಪೀರಿಯಡ್ ಲ್ಯಾಬ್‌ನಲ್ಲಿ ಇದನ್ನು ತೋರಿಸಿಕೊಡಿ. ನನಗೆ ಹತ್ತು ನಿಮಿಷ ಸಾಕಾಗಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಂದಿರು, ಅಮ್ಮಂದಿರು ನೆಟ್ ನಂಬಿಕೊಂಡು ಮನೆಯಿಂದಲೇ ದುಡಿಯುತ್ತಿದ್ದಾರೆ. ಅವರಿಗೆ ಸಹಾಯ ಮಾಡಲು ಮನೆಯಲ್ಲಿರುವವರು ನಾವೇ. ಎರಡು, "ದೂರು ಕೊಡುವ ಮುನ್ನ" ಎಂಬ ಒಂದು ಹಾಳೆಯನ್ನು ಕನ್ನಡ ಮತ್ತು ಉರ್ದುವಿನಲ್ಲಿ ಬರೆದು ನೋಟಿಸ್ ಬೋರ್ಡ್‌ಗೆ ಹಾಕಿ. ಅದರಲ್ಲಿ ಇಷ್ಟಿದ್ದರೆ ಸಾಕು: ಬೇರೆ ಸಾಧನಗಳನ್ನು ಆಫ್ ಮಾಡಿ. ಕೇಬಲ್ ಹಾಕಿ ರೌಟರ್‌ಗೆ 100, ಹೊರಗೆ 100 ಪಿಂಗ್ ಮಾಡಿ. ವೈ-ಫೈನಲ್ಲೂ ಅದನ್ನೇ ಮಾಡಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ದಿನ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಾಗಿಲಿನಿಂದ ರೌಟರ್‌ವರೆಗೆ ಕೇಬಲ್ ಎಲ್ಲಾದರೂ ಮಡಚಿದೆಯೇ ಕಣ್ಣಾರೆ ನೋಡಿ. ಆಮೇಲೆ ಫೋನ್ ಮಾಡಿ. ಉರ್ದು ಹಾಳೆ ಬರೆಯುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ.

ಉಪನ್ಯಾಸಕರಲ್ಲೂ ಒಂದು ಮಾತು. "ನೆಟ್ ಇರಲಿಲ್ಲ ಸರ್" ಎಂದವರನ್ನು ದಯವಿಟ್ಟು ಕೂಡಲೇ ಸುಳ್ಳುಗಾರ ಎನ್ನಬೇಡಿ, ಕೂಡಲೇ ನಂಬಲೂ ಬೇಡಿ. "ಎಷ್ಟು ಪ್ಯಾಕೆಟ್ ಹೋಯಿತು?" ಎಂದು ಕೇಳಿ. ನನ್ನನ್ನು ಲ್ಯಾಬ್‌ನ ಸರ್ ಕೇಳಿದ್ದು ಅಷ್ಟೇ.

ದೂರು ಮುಗಿದ ಮೇಲೆ ಕಂಪನಿಯಿಂದ ಅಭಿಪ್ರಾಯ ಕೇಳುವ ಫೋನ್ ಬಂತು. ಮೊದಲ ದಿನ ನಾನು ಬೈದ ಹುಡುಗಿ ಅವರಲ್ಲ. ಆದರೂ ಆ ದಿನ ಮಾತನಾಡಿದವರಿಗೆ ನನ್ನ ಕ್ಷಮೆ ತಿಳಿಸಿ ಎಂದೆ. "ಅದು ಗೊತ್ತಾಗಲ್ಲ ಸರ್, ನಾವು ತುಂಬಾ ಜನ ಇದ್ದೀವಿ" ಎಂದು ಅವರು ನಕ್ಕರು. ಹಾಗಾಗಿ ಆ ಕ್ಷಮೆ ಇನ್ನೂ ನನ್ನಲ್ಲೇ ಉಳಿದಿದೆ. ಆಪಾರ ತರಗತಿಯಲ್ಲಿ ಈಗ "ಮೈನಸ್" ಎಂದರೆ ಆ ಕಡೆ "ಮೈನಸ್" ಎಂದೇ ಕೇಳುತ್ತದೆ. ಬಿಟ್ಟುಹೋದ ನಾಲ್ಕನೇ ಮಗು ಮಾತ್ರ ಮರಳಿ ಬಂದಿಲ್ಲ. ನಾವು ಮೊದಲ ವಾರವೇ ಎಣಿಸಿದ್ದರೆ ಅವನು ಹೋಗುತ್ತಲೇ ಇರಲಿಲ್ಲವೇನೋ.